ಗಡ್ಡೆ ಹೊರಬಂದ ಗಳಿಗೆಯನ್ನು ಬರೆದಿಡಿ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ ಹಾಗೂ ಎರಡೂ ಇಲಾಖೆಗಳ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನೊಬ್ಬ ರೋಗಶಾಸ್ತ್ರಜ್ಞೆ. ಶಸ್ತ್ರಚಿಕಿತ್ಸಕರು ತೆಗೆದು ಕಳುಹಿಸುವ ಗಡ್ಡೆಗಳನ್ನು ಕೊಯ್ದು, ಮೇಣದ ಬ್ಲಾಕ್‌ಗಳಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಓದುವುದು ನನ್ನ ಕೆಲಸ. ರೋಗಿಗಳು ನನ್ನನ್ನು ನೋಡುವುದು ಅಪರೂಪ. ನಾನೂ ಅವರನ್ನು ಹೆಚ್ಚಾಗಿ ಬ್ಲಾಕ್ ಸಂಖ್ಯೆಯಿಂದಲೇ ಬಲ್ಲೆ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ, ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಉಪ್ಪಿನಕಾಯಿಯ ಹಳೆಯ ಪ್ಲಾಸ್ಟಿಕ್ ಡಬ್ಬಿಯೊಂದಿತ್ತು. ಶನಿವಾರ ಮಧ್ಯಾಹ್ನ ದೂರದ ಊರೊಂದರಲ್ಲಿ ತೆಗೆದ ಇಡೀ ಸ್ತನವನ್ನು, ಒಂದೇ ಒಂದು ಕಡೆಯೂ ಕೊಯ್ಯದೆ, ಅದು ಮುಳುಗುವಷ್ಟೂ ಇಲ್ಲದ, ಅಂಗಾಂಶ ಕೊಳೆಯದಂತೆ ಕಾಯುವ ದ್ರವವಾದ ಫಾರ್ಮಲಿನ್‌ನಲ್ಲಿ ಅದರೊಳಗೆ ತುರುಕಿದ್ದರು. ರೋಗಿಯ ಮಗ ಅದನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ತಂದಿದ್ದ. ಕೊಯ್ದು ನೋಡಿದರೆ ಹೊರಗಿನ ಒಂದು ಬೆರಳಗಲ ಮಾತ್ರ ಗಟ್ಟಿಯಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಗಡ್ಡೆಯಿದ್ದ ನಡುಭಾಗ ಕೊಳೆಯಲು ಹತ್ತಿತ್ತು. ಯಾವ ಔಷಧ ಕೊಡಬೇಕೆಂದು ತಿಳಿಸುವ ಮೂರು ಪ್ರೋಟೀನುಗಳ ಪರೀಕ್ಷೆಗಳು, ಅಂದರೆ ಇ.ಆರ್. (ಈಸ್ಟ್ರೊಜೆನ್ ಗ್ರಾಹಕ), ಪಿ.ಆರ್. (ಪ್ರೊಜೆಸ್ಟರಾನ್ ಗ್ರಾಹಕ), ಹರ್-2 (ಕೋಶಕ್ಕೆ ಬೆಳೆಯೆಂದು ಹೇಳುವ ಪ್ರೋಟೀನು), ಮೂರೂ ನೆಗೆಟಿವ್ ಬಂದವು. ಆದರೆ ಅದೇ ಸ್ಲೈಡಿನಲ್ಲಿ ಗಡ್ಡೆಯ ಪಕ್ಕದಲ್ಲಿದ್ದ, ಇ.ಆರ್. ಬಣ್ಣವನ್ನು ಹಿಡಿಯಲೇಬೇಕಾಗಿದ್ದ ಸಹಜ ಹಾಲಿನ ನಾಳಗಳೂ ಬಣ್ಣ ಹಿಡಿದಿರಲಿಲ್ಲ. ಅಂದರೆ ಅದು ಟ್ರಿಪಲ್ ನೆಗೆಟಿವ್ ಗಡ್ಡೆ ಎಂದು ಹೇಳುವಂತಿರಲಿಲ್ಲ. ಆ ಸ್ಲೈಡು ಏನನ್ನೂ ಹೇಳುತ್ತಿರಲಿಲ್ಲ. ಇನ್ನೊಮ್ಮೆ ಬಯಾಪ್ಸಿ ಮಾಡೋಣವೆಂದರೆ ಗಡ್ಡೆ ಆಕೆಯ ದೇಹದಲ್ಲಿ ಉಳಿದಿರಲಿಲ್ಲ.

ಈ ಪತ್ರ ಆ ಡಬ್ಬಿಯ ಬಗ್ಗೆ. ಆ ಆಸ್ಪತ್ರೆಯನ್ನು ದೂರುವುದು ನನ್ನ ಉದ್ದೇಶವಲ್ಲ, ಏಕೆಂದರೆ ಅಂಥ ಡಬ್ಬಿಗಳು ಒಂದೇ ಕಡೆಯಿಂದ ಬರುವುದಿಲ್ಲ. ಗಡ್ಡೆಯನ್ನು ದೇಹದಿಂದ ಬೇರ್ಪಡಿಸಿದ ಮೊದಲ ಒಂದು ಗಂಟೆಯಲ್ಲಿ ಏನಾಗುತ್ತದೆ, ಅದರಿಂದ ಮುಂದಿನ ಹತ್ತು ವರ್ಷಗಳ ಚಿಕಿತ್ಸೆ ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ವಿವರಿಸಿ, ಹೆಚ್ಚು ಖರ್ಚಿಲ್ಲದ ಕೆಲವು ಆದೇಶಗಳನ್ನು ಕೇಳುವುದು ನನ್ನ ಉದ್ದೇಶ. ಅದಕ್ಕೆ ಮೊದಲು ಗಡ್ಡೆ ಹೇಗೆ ಬದುಕುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಜೀವಕೋಶ ಉಣ್ಣುವ, ಉರಿಸುವ, ಕಟ್ಟುವ ಕೆಲಸಗಳಿಗೆಲ್ಲ ಒಟ್ಟಾಗಿ ಚಯಾಪಚಯ ಎನ್ನುತ್ತೇವೆ. ಸಹಜ ಕೋಶವು ಆಮ್ಲಜನಕ ಸಿಕ್ಕುವವರೆಗೆ ಗ್ಲೂಕೋಸನ್ನು ಪೂರ್ತಿಯಾಗಿ ಉರಿಸಿ, ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಅಣುಗಳಷ್ಟು ಶಕ್ತಿಯನ್ನು ಪಡೆಯುತ್ತದೆ. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಓಟೋ ವಾರ್ಬರ್ಗ್ ಗಡ್ಡೆಯ ಚೂರುಗಳನ್ನು ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು: ಆಮ್ಲಜನಕ ಧಾರಾಳವಾಗಿ ಇದ್ದಾಗಲೂ ಗಡ್ಡೆ ಗ್ಲೂಕೋಸನ್ನು ಅರ್ಧಂಬರ್ಧ ಒಡೆದು, ಅಣುವಿಗೆ ಕೇವಲ 2 ಎಟಿಪಿ ಪಡೆದು, ಉಳಿದದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತಿತ್ತು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬರುವುದೂ ಬಹುಮಟ್ಟಿಗೆ ಇದೇ ಆಮ್ಲದಿಂದ. ಮುಚ್ಚಿದ ಪಾತ್ರೆಯ ಹಿಟ್ಟು ಹುಳಿಯುವುದು ಸರಿ. ಗಾಳಿಯಾಡುವ ಕಡೆ ಇರುವ ಕೋಶ ಏಕೆ ಹುಳಿಯಬೇಕು? ಗಡ್ಡೆಯ ಕೋಶಗಳ ಉಸಿರಾಟದ ಯಂತ್ರವೇ ಕೆಟ್ಟಿದೆ, ಕ್ಯಾನ್ಸರಿನ ಮೂಲ ಅಲ್ಲಿದೆ ಎಂದು ವಾರ್ಬರ್ಗ್ ಕೊನೆಯವರೆಗೂ ನಂಬಿದರು. 1931ರಲ್ಲಿ ನೊಬೆಲ್ ಪಡೆದ ಆ ಮಹಾ ವಿಜ್ಞಾನಿಯ ಗಮನಿಕೆ ಸರಿಯಿತ್ತು, ವಿವರಣೆ ತಪ್ಪಿತ್ತು. ಬಹುತೇಕ ಗಡ್ಡೆಗಳಲ್ಲಿ ಆ ಉಸಿರಾಟದ ಯಂತ್ರಗಳಾದ ಮೈಟೊಕಾಂಡ್ರಿಯಗಳು ಕೆಲಸ ಮಾಡುತ್ತಲೇ ಇರುತ್ತವೆ. ಬೆಳೆಯುವ ಆತುರದಲ್ಲಿರುವ ಕೋಶಕ್ಕೆ ಶಕ್ತಿ ಎಷ್ಟು ಬೇಕೋ ಸಾಮಗ್ರಿಯೂ ಅಷ್ಟೇ ಬೇಕು. ಗ್ಲೂಕೋಸನ್ನು ಪೂರ್ತಿ ಉರಿಸಿಬಿಟ್ಟರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ನಡುದಾರಿಯಲ್ಲಿ ನಿಲ್ಲಿಸಿದರೆ ಡಿಎನ್‌ಎ, ಕೊಬ್ಬು, ಅಮೈನೊ ಆಮ್ಲಗಳನ್ನು ಕಟ್ಟಲು ಬೇಕಾದ ಇಟ್ಟಿಗೆಗಳು ಕೈಗೆ ಸಿಗುತ್ತವೆ.

ಈ ಹಸಿವನ್ನೇ ನಾವು ಪೆಟ್ ಸ್ಕ್ಯಾನಿನಲ್ಲಿ ಬಳಸಿಕೊಳ್ಳುತ್ತೇವೆ. ಫ್ಲೋರಿನ್-18 ಅಂಟಿಸಿದ ಗ್ಲೂಕೋಸಿನಂಥ ವಸ್ತುವನ್ನು ಚುಚ್ಚಿದರೆ ಅದು ಗಡ್ಡೆಯ ಕೋಶದೊಳಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ತೆರೆಯ ಮೇಲೆ ಹೊಳೆಯುತ್ತದೆ. ಮಿದುಳೂ ಹೊಳೆಯುತ್ತದೆ, ಅದಕ್ಕೂ ಗ್ಲೂಕೋಸ್ ಬೇಕು. ಇನ್ನು ಸ್ತನದ ಲೋಬ್ಯುಲಾರ್ ಬಗೆಯ ಎಷ್ಟೋ ಗಡ್ಡೆಗಳು ಸರಿಯಾಗಿ ಹೊಳೆಯುವುದೇ ಇಲ್ಲ. ಗಡ್ಡೆಯಿಂದ ಗಡ್ಡೆಗೆ ಊಟ ಬೇರೆ ಎಂಬುದಕ್ಕೆ ಇಷ್ಟು ಸಾಕು.

ಆ ವ್ಯತ್ಯಾಸದ ಮೂಲವಿರುವುದು ವಂಶವಾಹಿಗಳಲ್ಲಿ, ಅಂದರೆ ಯಾವ ವಂಶವಾಹಿ ಎದ್ದು ಕುಳಿತಿದೆ, ಯಾವುದು ಮಲಗಿದೆ ಎಂಬುದರಲ್ಲಿ. ಇ.ಆರ್. ಪಾಸಿಟಿವ್ ಗಡ್ಡೆಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕರಲ್ಲಿ ಪಿಐಕೆ3ಸಿಎ ಎಂಬ ವಂಶವಾಹಿ ರೂಪಾಂತರಗೊಂಡಿರುತ್ತದೆ. ಇದು ಇನ್ಸುಲಿನ್ ಸಂದೇಶವನ್ನು ಕೋಶದೊಳಗೆ ಸಾಗಿಸುವ ಸರಪಳಿಯ ಒಂದು ಕೊಂಡಿ. ಅದು ಕೆಟ್ಟರೆ, ಊಟ ಬಂದಿದೆ, ಬೆಳೆಯಿರಿ ಎಂಬ ಕೂಗು ಊಟ ಬರದಿದ್ದರೂ ನಿಲ್ಲುವುದಿಲ್ಲ. ಗಡ್ಡೆಯ ನಡುಭಾಗಕ್ಕೆ ರಕ್ತನಾಳಗಳು ತಲುಪದೆ ಆಮ್ಲಜನಕ ಕಡಿಮೆಯಾದಾಗ ಹಿಫ್-1 ಎಂಬ ಪ್ರೋಟೀನು ಎಚ್ಚೆತ್ತು, ಗ್ಲೂಕೋಸನ್ನು ಒಳಕ್ಕೆಳೆಯುವ ಬಾಗಿಲುಗಳನ್ನೂ ಅದನ್ನು ಒಡೆಯುವ ಕಿಣ್ವಗಳನ್ನೂ ಹೆಚ್ಚಿಸುತ್ತದೆ. ಕೋಶಗಳು ಆಮ್ಲಜನಕದ ಏರಿಳಿತವನ್ನು ಅರಿಯುವ ಈ ಬಗೆಯನ್ನು ಬಿಡಿಸಿದ್ದಕ್ಕೆ ಕೇಲಿನ್, ರ್‍ಯಾಟ್‌ಕ್ಲಿಫ್ ಮತ್ತು ಸೆಮೆಂಝಾ ಅವರಿಗೆ 2019ರ ನೊಬೆಲ್ ಸಂದಿತು. ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ ಮಿಕ್ ಎಂಬ ವಂಶವಾಹಿಯ ಅಬ್ಬರ ಹೆಚ್ಚು. ಅವುಗಳಲ್ಲಿ ಹಲವಕ್ಕೆ ಗ್ಲೂಕೋಸಿನ ಜೊತೆಗೆ ಗ್ಲೂಟಮಿನ್ ಎಂಬ ಅಮೈನೊ ಆಮ್ಲ ಕೂಡ ಹೊರಗಿನಿಂದ ಬೇಕು. ಇ.ಆರ್. ಪಾಸಿಟಿವ್ ಗಡ್ಡೆಗಳಲ್ಲಿ ಅನೇಕವು ಗ್ಲೂಟಮಿನನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಸೆರೀನ್ ಎಂಬ ಅಮೈನೊ ಆಮ್ಲವನ್ನು ತಯಾರಿಸುವ ದಾರಿಯ ಮೊದಲ ಕಿಣ್ವ ಇ.ಆರ್. ನೆಗೆಟಿವ್ ಗಡ್ಡೆಗಳಲ್ಲಿ ಸುಮಾರು 70 ಶೇಕಡದಲ್ಲಿ ಮಿತಿಮೀರಿ ಇರುತ್ತದೆಂದು 2011ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕೊಬ್ಬನ್ನು ಕಟ್ಟುವ ಕಿಣ್ವದ ಕಥೆ ಇನ್ನೂ ಸ್ವಾರಸ್ಯದ್ದು: ಕೆಡುಕಿನ ಸ್ತನ ಗಡ್ಡೆಗಳಲ್ಲಿ ಕಾಣುತ್ತಿದ್ದ ಹೆಸರಿಲ್ಲದ ಪ್ರೋಟೀನೊಂದನ್ನು ಬೆನ್ನುಹತ್ತಿದವರಿಗೆ 1994ರಲ್ಲಿ ಅದು ಫ್ಯಾಟಿ ಆ್ಯಸಿಡ್ ಸಿಂಥೇಸ್ ಎಂದು ಗೊತ್ತಾಯಿತು. ರೋಗಿ ತುಪ್ಪ ಬಿಟ್ಟರೂ ಗಡ್ಡೆ ತನ್ನ ಕೊಬ್ಬನ್ನು ತಾನೇ ಮಾಡಿಕೊಳ್ಳುತ್ತದೆ.

ಇದೇ ಕಾರಣಕ್ಕೆ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತದೆ ಎಂಬ ವಾಟ್ಸ್ಯಾಪ್ ಸಂದೇಶದ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ವಾರ್ಬರ್ಗ್ ಹೆಸರನ್ನು ಹೇಳಿಕೊಂಡೇ ಅದು ಊರೂರು ಸುತ್ತುತ್ತಿದೆ. ಕೀಮೋ ನಡೆಯುತ್ತಿರುವಾಗ ಅನ್ನ, ರಾಗಿ, ಬಾಳೆಹಣ್ಣು ಎಲ್ಲವನ್ನೂ ಬಿಟ್ಟು ಎಂಟು ಕಿಲೊ ಇಳಿದು, ಬಿಳಿರಕ್ತಕಣ ಕುಸಿದು, ಮುಂದಿನ ಸುತ್ತಿನ ಔಷಧ ಮುಂದೂಡಿಸಿಕೊಂಡ ಹೆಂಗಸಿನ ವಿಷಯವನ್ನು ನನ್ನ ಸಹೋದ್ಯೋಗಿ ವೈದ್ಯೆಯೊಬ್ಬರು ಸಿಟ್ಟಿನಿಂದಲೇ ನನಗೆ ಹೇಳಿದ್ದರು. ನಾವು ಉಪವಾಸವಿದ್ದರೂ ಯಕೃತ್ತು ಸ್ನಾಯುವನ್ನು ಕರಗಿಸಿಯಾದರೂ ಗ್ಲೂಕೋಸ್ ತಯಾರಿಸುತ್ತದೆ, ಏಕೆಂದರೆ ಮಿದುಳಿಗೆ ಅದು ಬೇಕೇ ಬೇಕು. ಗಡ್ಡೆ ಅದರಲ್ಲಿ ತನ್ನ ಪಾಲನ್ನು ಪಡೆಯುತ್ತದೆ, ಸೊರಗುವುದು ರೋಗಿ. ಪಿಐಕೆ3ಸಿಎ ಸರಪಳಿಯನ್ನು ತಡೆಯುವ ಔಷಧಗಳು ರಕ್ತದ ಸಕ್ಕರೆಯನ್ನೂ ಅದರಿಂದ ಇನ್ಸುಲಿನ್ನನ್ನೂ ಏರಿಸುತ್ತವೆ. ಅಂಥ ಔಷಧದ ಜೊತೆಗೆ ಕೀಟೊ ಆಹಾರ (ಪಿಷ್ಟ, ಸಕ್ಕರೆ ತೀರ ಕಡಿಮೆ, ಕೊಬ್ಬು ಹೆಚ್ಚು) ಕೊಟ್ಟಾಗ ಔಷಧದ ಪರಿಣಾಮ ಹೆಚ್ಚಿತೆಂದು 2018ರಲ್ಲಿ ಇಲಿಗಳ ಮೇಲಿನ ಅಧ್ಯಯನ ಹೇಳಿತು ನಿಜ. ಅದೇ ಅಧ್ಯಯನದಲ್ಲಿ ಔಷಧವಿಲ್ಲದೆ ಬರೀ ಕೀಟೊ ಆಹಾರ ತಿಂದ ಇಲಿಗಳಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್ ವೇಗವಾಗಿ ಬೆಳೆಯಿತು. ಸಂದೇಶ ಹಂಚುವವರು ಆ ಎರಡನೆಯ ಸಾಲನ್ನು ಹಂಚುವುದಿಲ್ಲ. ಮುಟ್ಟು ನಿಂತ ಮೇಲೆ ಹೆಚ್ಚಾಗುವ ಬೊಜ್ಜು ಸ್ತನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ, ಕೊಬ್ಬಿನ ಅಂಗಾಂಶವೇ ಆ ವಯಸ್ಸಿನಲ್ಲಿ ಈಸ್ಟ್ರೊಜೆನ್ ತಯಾರಿಸುವ ಜಾಗ ಎಂಬುದೂ ನಿಜವೇ. ತೂಕದ ಬಗ್ಗೆ ಎಚ್ಚರ ಬೇಕು. ಆದರೆ ಅದು ಬೇರೆ ಮಾತು, ಕೀಮೋ ನಡುವೆ ಹೊಟ್ಟೆಗೆ ಬರೆ ಹಾಕಿಕೊಳ್ಳುವುದು ಬೇರೆ ಮಾತು. ಕ್ಯಾನ್ಸರ್ ವಿಭಾಗವಿರುವ ಪ್ರತಿ ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲೆ ಈ ವಿಷಯವನ್ನು ಸರಳ ಕನ್ನಡದಲ್ಲಿ ಬರೆಸಿರಿ ಎಂಬುದು ನನ್ನ ಚಿಕ್ಕ ಬೇಡಿಕೆ. ದೊಡ್ಡದು ಮುಂದಿದೆ.

ಗಡ್ಡೆಗಳು ಒಂದೇ ರೋಗವಲ್ಲ ಎಂಬುದು ಸ್ಪಷ್ಟವಾಗಿ ಕಂಡದ್ದು 2000ದಲ್ಲಿ, ಪೆರೂ, ಸೊರ್ಲಿ, ಬಾಟ್‌ಸ್ಟೈನ್ ಮತ್ತು ಸಂಗಡಿಗರು ಸ್ತನ ಗಡ್ಡೆಗಳಲ್ಲಿ ಸಾವಿರಾರು ವಂಶವಾಹಿಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆದು, ಲ್ಯೂಮಿನಲ್, ಬೇಸಲ್, ಹರ್-2 ಎಂಬ ಗುಂಪುಗಳನ್ನು ಗುರುತಿಸಿದಾಗ. 2012ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ 825 ರೋಗಿಗಳ ಗಡ್ಡೆಗಳನ್ನು ಜಾಲಾಡಿದಾಗ, ಎಲ್ಲ ಸ್ತನ ಕ್ಯಾನ್ಸರುಗಳನ್ನು ಒಟ್ಟಾಗಿ ತೆಗೆದುಕೊಂಡರೆ ಶೇಕಡ 10ಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ರೂಪಾಂತರಗೊಂಡ ವಂಶವಾಹಿಗಳು ಕೇವಲ ಮೂರು ಎಂದು ತಿಳಿಯಿತು: ಟಿಪಿ53, ಪಿಐಕೆ3ಸಿಎ, ಗಾಟಾ3. ಉಳಿದ ವೈವಿಧ್ಯವೆಲ್ಲ ವಿರಳ ರೂಪಾಂತರಗಳಲ್ಲಿ ಮತ್ತು ಯಾವ ವಂಶವಾಹಿ ಎಷ್ಟು ಗಟ್ಟಿಯಾಗಿ ಮಾತಾಡುತ್ತಿದೆ ಎಂಬುದರಲ್ಲಿ ಅಡಗಿದೆ.

ಅಂಥ ಅಳತೆಯನ್ನು ಪ್ರತಿ ರೋಗಿಗೂ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಸಾಮಾನ್ಯ ಪ್ರಯೋಗಾಲಯಗಳಲ್ಲಿ ಮಾಡುವ ಇ.ಆರ್., ಪಿ.ಆರ್., ಹರ್-2 ಬಣ್ಣಗಳೂ ವಂಶವಾಹಿಗಳ ಚಟುವಟಿಕೆಯನ್ನು ಓದುವ ವಿಧಾನವೇ, ಅಗ್ಗದ್ದು ಅಷ್ಟೆ. ಇ.ಆರ್. ಎಂಬುದು ಈಸ್ಟ್ರೊಜೆನ್ ಬಂದು ಕೂತಾಗ ಬೇರೆ ವಂಶವಾಹಿಗಳನ್ನು ಎಬ್ಬಿಸುವ ಪ್ರೋಟೀನು. ಅದು ಎಬ್ಬಿಸುವವುಗಳಲ್ಲಿ ಪಿ.ಆರ್. ಒಂದು. ಆದ್ದರಿಂದ ಪಿ.ಆರ್. ಕಂಡರೆ ಇ.ಆರ್. ಬರೀ ಹೆಸರಿಗಿಲ್ಲ, ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತದೆ. ಶೇಕಡ 1ರಷ್ಟು ಕೋಶಕೇಂದ್ರಗಳು ಬಣ್ಣ ಹಿಡಿದರೂ ಇ.ಆರ್. ಪಾಸಿಟಿವ್ ಎಂದೇ ಬರೆಯಬೇಕು, ಹತ್ತರವರೆಗೆ ಇದ್ದರೆ ಕಡಿಮೆ ಪಾಸಿಟಿವ್ ಎಂದು ಸೂಚಿಸಬೇಕು. ಇಷ್ಟು ಸಣ್ಣ ಗೆರೆಯ ಆಚೆ ಈಚೆ ಏನಿದೆ ನೋಡಿ: ಪಾಸಿಟಿವ್ ಆದವರು ಈಸ್ಟ್ರೊಜೆನನ್ನು ತಡೆಯುವ ಟ್ಯಾಮೊಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ನುಂಗಿದರೆ 15 ವರ್ಷಗಳ ಅವಧಿಯಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ. ಆ ಮಾತ್ರೆಗೆ ದಿನಕ್ಕೆ ಕೆಲವೇ ರೂಪಾಯಿ. ನೆಗೆಟಿವ್ ಎಂದು ಬರೆದರೆ ಆ ಮಾತ್ರೆಯನ್ನು ಯಾರೂ ಕೊಡುವುದಿಲ್ಲ. ಹರ್-2 ಪಾಸಿಟಿವ್ ಆದವರಿಗೆ 1998ರಿಂದ ಆ ಪ್ರೋಟೀನನ್ನೇ ತಡೆಯುವ ಟ್ರಾಸ್ಟುಜುಮಾಬ್ ಎಂಬ ಔಷಧ ಇದೆ. ಅದರ ಅಗ್ಗದ ಸಮರೂಪವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಬಯೋಕಾನ್ ನಮ್ಮ ಬೆಂಗಳೂರಿನದೇ ಕಂಪನಿ.

ಈಗ ಆ ಡಬ್ಬಿಗೆ ಮರಳುತ್ತೇನೆ. ರಕ್ತನಾಳಗಳನ್ನು ಕಟ್ಟಿ ಗಡ್ಡೆಯನ್ನು ಬೇರ್ಪಡಿಸಿದ ಕ್ಷಣಕ್ಕೆ ಅದು ಸಾಯುವುದಿಲ್ಲ. ಆಮ್ಲಜನಕ ನಿಂತಿದೆ, ಮೈಯ ಬಿಸಿ ಇನ್ನೂ ಇದೆ, ಕಿಣ್ವಗಳು ದುಡಿಯುತ್ತಿವೆ. ಕೋಶ ತನ್ನಲ್ಲಿರುವ ಗ್ಲೂಕೋಸನ್ನು ಹುಳಿಯಾಗಿಸುತ್ತದೆ, ಆಮ್ಲಜನಕ ಕಡಿಮೆಯಾದಾಗ ಏಳುವ ವಂಶವಾಹಿಗಳು ಏಳುತ್ತವೆ, ಆರ್‌ಎನ್‌ಎ ಚೂರಾಗತೊಡಗುತ್ತದೆ, ಕೋಶದೊಳಗಿನ ಕೆಲವು ಸಂಕೇತಗಳು ನಿಮಿಷಗಳಲ್ಲೇ ಅಳಿಸಿಹೋಗುತ್ತವೆ, ಇ.ಆರ್., ಪಿ.ಆರ್. ಪ್ರೋಟೀನುಗಳು ಗಂಟೆಗಳ ಲೆಕ್ಕದಲ್ಲಿ ಮಸುಕಾಗುತ್ತವೆ, ಅದರಲ್ಲೂ ಪಿ.ಆರ್. ಮೊದಲು. ಒಟ್ಟಿನಲ್ಲಿ ದೇಹದೊಳಗಿದ್ದಾಗ ಗಡ್ಡೆಯಲ್ಲಿ ಏನು ನಡೆಯುತ್ತಿತ್ತೋ ಅದನ್ನು ಓದಬೇಕಾದ ನಾವು, ಅದು ಡಬ್ಬಿಯಲ್ಲಿ ಸಾಯುತ್ತಿದ್ದಾಗ ಏನಾಯಿತು ಎಂಬುದನ್ನು ಓದುತ್ತೇವೆ. ಇದನ್ನು ತಡೆಯಲೆಂದೇ, ಗಡ್ಡೆ ಒಂದು ಗಂಟೆಯೊಳಗೆ ಶೇಕಡ 10ರ, ಬಫರ್ (ಹುಳಿಯಾಗದಂತೆ ತಡೆಯುವ ಲವಣಗಳು) ಬೆರೆಸಿದ ಫಾರ್ಮಲಿನ್ ಸೇರಬೇಕು, ಅದರಲ್ಲಿ 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಮೊದಮೊದಲು ಗಂಟೆಗೆ ಸುಮಾರು ಒಂದು ಮಿಲಿಮೀಟರಿನಷ್ಟು, ಕೊಬ್ಬಿನಲ್ಲಿ ಇನ್ನೂ ನಿಧಾನ. ಇಡೀ ಸ್ತನವನ್ನು ಕೊಯ್ಯದೆ ಮುಳುಗಿಸಿದರೆ ನಡುವಿನ ಗಡ್ಡೆಗೆ ಅದು ಮುಟ್ಟುವಷ್ಟರಲ್ಲಿ ಕಾಲ ಮೀರಿರುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಇದೆಲ್ಲ ಇನ್ನೂ ಬೇಗ ನಡೆಯುತ್ತದೆ ಎಂಬುದನ್ನು ಅಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಸ್ತನ ಕ್ಯಾನ್ಸರಿನ 10ರಿಂದ 15 ಶೇಕಡ ಟ್ರಿಪಲ್ ನೆಗೆಟಿವ್ ಆಗಿದ್ದರೆ, ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅದು 30 ಶೇಕಡದ ಆಸುಪಾಸಿನಲ್ಲಿ ಕಂಡಿದೆ. ನಮ್ಮ ರೋಗಿಗಳು ಹೆಚ್ಚು ಎಳೆಯರು, ಆದ್ದರಿಂದ ಈ ವ್ಯತ್ಯಾಸದ ಒಂದು ಪಾಲು ನಿಜವಾದದ್ದೇ. ಇನ್ನೊಂದು ಪಾಲು ಡಬ್ಬಿಗಳಲ್ಲಿ ಹುಟ್ಟಿದ್ದು ಎಂದು ನಾನು ನಂಬುತ್ತೇನೆ, ನಮ್ಮ ವೃತ್ತಿಯ ಅನೇಕರೂ ನಂಬುತ್ತಾರೆ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂದಿತ್ತು, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಈ ಸಂಖ್ಯೆಯಲ್ಲಿ ಶೇಕಡ ಒಂದೆರಡು ಜನರ ರಿಪೋರ್ಟ್ ತಪ್ಪಿದರೂ, ಕೆಲವು ರೂಪಾಯಿಯ ಮಾತ್ರೆ ಕೈತಪ್ಪಿದ ಹೆಂಗಸರು ಎಷ್ಟು ಸಾವಿರ ಎಂದು ನೀವೇ ಲೆಕ್ಕ ಹಾಕಿರಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋಥೆರಪಿ ಕೇಂದ್ರಗಳನ್ನು ತೆರೆದಿದ್ದೀರಿ. ಔಷಧಕ್ಕಾಗಿ ಬೆಂಗಳೂರಿಗೆ ಓಡಾಡುವುದು ತಪ್ಪಿದ್ದಕ್ಕೆ ಎಷ್ಟೋ ಕುಟುಂಬಗಳು ನಿಮ್ಮನ್ನು ನೆನೆಯುತ್ತವೆ. ಆದರೆ ಯಾವ ಔಷಧ ಎಂದು ನಿರ್ಧರಿಸುವ ಓದು ಕೆಟ್ಟಿದ್ದರೆ ಔಷಧ ಹತ್ತಿರ ಬಂದು ಪ್ರಯೋಜನವಿಲ್ಲ. ಆದ್ದರಿಂದ ಮೊದಲನೆಯದಾಗಿ, ಸ್ತನದ ಗಂಟಿನೊಂದಿಗೆ ಬರುವ ಹೆಂಗಸಿಗೆ ಶಸ್ತ್ರಚಿಕಿತ್ಸೆಗೆ ಮುನ್ನವೇ ಕೋರ್ ಸೂಜಿ ಬಯಾಪ್ಸಿ (ದಪ್ಪ ಸೂಜಿಯಿಂದ ಗಂಟಿನ ಸಣ್ಣ ತುಣುಕು ತೆಗೆಯುವುದು) ಮಾಡಿ, ಮೂರೂ ಪರೀಕ್ಷೆಗಳನ್ನು ಅದರಲ್ಲೇ ಮಾಡುವುದನ್ನು ಕಡ್ಡಾಯ ಮಾಡಿರಿ. ಸೂಜಿಯಲ್ಲಿ ಬರುವ ತುಣುಕು ಬೆಂಕಿಕಡ್ಡಿಗಿಂತ ಸಣ್ಣದು, ತೆಗೆದ ನಿಮಿಷದಲ್ಲೇ ಫಾರ್ಮಲಿನ್ನಿಗೆ ಬೀಳುತ್ತದೆ, ಅದು ಪೂರ್ತಿ ನೆನೆಯುತ್ತದೆ. ನನ್ನ ದೂರಿನ ಬಹುಪಾಲು ಇದೊಂದರಿಂದಲೇ ಮುಗಿಯುತ್ತದೆ. ಗಡ್ಡೆ ಎಂದು ಕಂಡ ತಕ್ಷಣ ಥಿಯೇಟರಿಗೆ ಕರೆದೊಯ್ಯುವ ಹಳೆಯ ಚಾಳಿ ಇನ್ನೂ ಹೋಗಿಲ್ಲವಾದ್ದರಿಂದ ಇದಕ್ಕೆ ಆದೇಶವೇ ಬೇಕು, ಸಲಹೆ ಸಾಲದು. ಎರಡನೆಯದಾಗಿ, ಗಡ್ಡೆ ದೇಹದಿಂದ ಬೇರ್ಪಟ್ಟ ಸಮಯ, ಫಾರ್ಮಲಿನ್ ಸೇರಿದ ಸಮಯ, ಫಾರ್ಮಲಿನ್ನಿನಿಂದ ಹೊರಬಂದ ಸಮಯ, ಈ ಮೂರನ್ನು ಕೋರಿಕೆ ಪತ್ರದಲ್ಲಿ ಬರೆಯುವ ಜಾಗ ಇರಲಿ, ಮತ್ತು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಡಿ ಸ್ತನ ಶಸ್ತ್ರಚಿಕಿತ್ಸೆಯ ಹಣ ಬಿಡುಗಡೆಯಾಗಲು ಆ ಅಂಕಣಗಳು ತುಂಬಿರಬೇಕೆಂಬ ಷರತ್ತು ಇರಲಿ. ಹಣಕ್ಕೆ ಕಟ್ಟಿದ ಅಂಕಣವನ್ನು ಯಾರೂ ಖಾಲಿ ಬಿಡುವುದಿಲ್ಲ ಎಂಬುದು ಸರ್ಕಾರಿ ಸೇವೆಯ ಅನುಭವ. ಅಗಲ ಬಾಯಿಯ ಡಬ್ಬಿಗಳೂ ಸಿದ್ಧ ಬಫರ್ ಫಾರ್ಮಲಿನ್ನೂ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಪಟ್ಟಿಯ ಮೂಲಕ ತಾಲ್ಲೂಕು ಮಟ್ಟದವರೆಗೆ ತಲುಪಲಿ. ಗಡ್ಡೆಯ ಗಾತ್ರದ ಹತ್ತು ಪಟ್ಟು ದ್ರವ ಬೇಕು, ಅಂಚುಗಳಿಗೆ ಶಾಯಿ ಹಚ್ಚಿದ ಮೇಲೆ ಅರ್ಧದಿಂದ ಒಂದು ಸೆಂಟಿಮೀಟರಿಗೊಂದು ಸೀಳು ಬೇಕು ಎಂಬುದನ್ನು ಥಿಯೇಟರಿನ ಶುಶ್ರೂಷಕಿಯರಿಗೆ ಅರ್ಧ ದಿನದಲ್ಲಿ ಕಲಿಸಬಹುದು. ಸಹಜ ನಾಳಗಳು ಬಣ್ಣ ಹಿಡಿಯದ ಸ್ಲೈಡಿನ ಮೇಲೆ ನೆಗೆಟಿವ್ ಎಂದು ಸಹಿ ಹಾಕುವುದನ್ನು ನಿಷೇಧಿಸಬೇಕು. ಈ ಕೊನೆಯ ಮಾತು ನನ್ನ ವೃತ್ತಿಬಾಂಧವರನ್ನು ಉದ್ದೇಶಿಸಿದ್ದು, ನನ್ನನ್ನೂ ಸೇರಿಸಿ.

ಬ್ಲಾಕ್‌ಗಳನ್ನು ಜೋಪಾನ ಮಾಡುವ ವ್ಯವಸ್ಥೆಯೂ ಬೇಕು. ರೋಗ ಐದಾರು ವರ್ಷಗಳ ಬಳಿಕ ಮರಳಿದಾಗ, ಆ ಸರಪಳಿಯನ್ನು ತಡೆಯುವ ಔಷಧ ಕೊಡಬಹುದೇ ಎಂದು ತಿಳಿಯುವ ಪಿಐಕೆ3ಸಿಎ ಪರೀಕ್ಷೆಗೆ ಹಳೆಯ ಬ್ಲಾಕ್ ಕೇಳುತ್ತೇವೆ; ಅದು ಸಿಕ್ಕರೂ, ಬಫರ್ ಇಲ್ಲದ ಆಮ್ಲೀಯ ಫಾರ್ಮಲಿನ್ನಿನಲ್ಲಿ ಡಿಎನ್‌ಎ ತುಂಡಾಗಿದ್ದರೆ ಪರೀಕ್ಷೆ ಕೈಕೊಡುತ್ತದೆ.

ಇನ್ನೊಂದು ಮಾತು ಬೆಂಗಳೂರಿನ ಬಗ್ಗೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇಲ್ಲಿದೆ, ದೇಶದ ಕ್ಯಾನ್ಸರ್ ನೋಂದಣಿಯ ಕೇಂದ್ರ ಇಲ್ಲಿದೆ, ಸ್ತನ ಕ್ಯಾನ್ಸರಿನ ಅಣುಮಟ್ಟದ ಅಧ್ಯಯನ ನಡೆಸುವ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇಲ್ಲಿದೆ. ಜಗತ್ತಿನ ದೊಡ್ಡ ಜೀನೋಮ್ ಸಂಗ್ರಹಗಳಲ್ಲಿ ಭಾರತೀಯ ಹೆಂಗಸರ ಗಡ್ಡೆಗಳು ತೀರ ಕಡಿಮೆ. ಮದ್ರಾಸಿನ ಐಐಟಿ 2025ರಲ್ಲಿ ಭಾರತೀಯ ಸ್ತನ ಗಡ್ಡೆಗಳ ಜೀನೋಮ್ ಮಾಹಿತಿಯನ್ನು ತೆರೆದಿಟ್ಟದ್ದು ಒಳ್ಳೆಯ ಆರಂಭ. ಡಿಎನ್‌ಎ ಸ್ವಲ್ಪ ತಡವನ್ನು ತಾಳಿಕೊಳ್ಳುತ್ತದೆ. ನಮ್ಮ ಗಡ್ಡೆಗಳು ಏನು ಉಣ್ಣುತ್ತವೆ, ಅವುಗಳ ಯಾವ ವಂಶವಾಹಿಗಳು ಎದ್ದಿವೆ ಎಂದು ತಿಳಿಯಬೇಕಾದರೆ ಗಡ್ಡೆಯ ಚೂರು ನಿಮಿಷಗಳೊಳಗೆ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಬೇಕು. ಫಾರ್ಮಲಿನ್ನಿಗೆ ಒಂದು ಗಂಟೆಯ ಶಿಸ್ತು ಬಾರದ ಕಡೆ ಈ ಶಿಸ್ತು ಬರುವುದಿಲ್ಲ.

ಮೂರು ಸಮಯಗಳ ಅಂಕಣವಿರುವ ಅರ್ಧ ಪುಟದ ನಮೂನೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದೇನೆ. ಇಲಾಖೆ ಕೇಳಿದರೆ ಕಳುಹಿಸುತ್ತೇನೆ. ಯಾವ ಜಿಲ್ಲಾ ಆಸ್ಪತ್ರೆ ಕರೆದರೂ, ಶನಿವಾರಗಳಂದು, ನನ್ನದೇ ಖರ್ಚಿನಲ್ಲಿ ಬಂದು ಥಿಯೇಟರಿನ ಸಿಬ್ಬಂದಿಗೆ ಗಡ್ಡೆಯನ್ನು ಸೀಳಿ ಡಬ್ಬಿಗೆ ಹಾಕುವುದನ್ನು ತೋರಿಸಿಕೊಡಲು ಸಿದ್ಧಳಿದ್ದೇನೆ. ಥಿಯೇಟರಿನಲ್ಲಿ ಒಂದು ಗೋಡೆ ಗಡಿಯಾರ ಮತ್ತು ದಾರ ಕಟ್ಟಿದ ಒಂದು ಪೆನ್ನು ಇದ್ದರೆ ಸಾಕು.

ಇಂತಿ ವಿಶ್ವಾಸದಿಂದ,
ಒಬ್ಬ ರೋಗಶಾಸ್ತ್ರಜ್ಞೆ